ಪರಿಚಯದವರ ಅಂಗಡಿ

ನಮ್ಮ ಚಿಕ್ಕಪ್ಪನಿಗೆ ಪರಿಚಯವಿಲ್ಲದವರು ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಹುಟ್ಟಿದರೂ ನಾಮಕರಣಕ್ಕೆ ಹೋಗಿ ಪರಿಚಯ ಮಾಡಿಕೊಂಡೇ ಬರುತ್ತಾರೆ. ಇಂಥವರು ಬಣಕಲ್‌ನಲ್ಲಿ ಕಳೆ ಕತ್ತರಿಸುವ ಮೆಷಿನ್, ಔಷಧಿ ಹೊಡೆಯುವ ಪಂಪು ಮಾರುವ ಅಂಗಡಿ ಇಟ್ಟರೆ ನಡೆಯದೆ ಇರುತ್ತದೆಯೇ? ಇರುತ್ತದೆ. ಅದನ್ನೇ ಹೇಳಲು ಹೊರಟಿದ್ದೇನೆ.

"ವ್ಯಾಪಾರಕ್ಕೆ ಜನ ಬೇಕು ಮಾರಾಯ, ಉಳಿದಿದ್ದು ತಾನಾಗೇ ಬರುತ್ತೆ" ಎನ್ನುವುದು ಅವರ ಸಿದ್ಧಾಂತ. ಹಾಗಾಗಿ ಮದುವೆ, ಗೃಹಪ್ರವೇಶ, ಶಿವಗಣಾರಾಧನೆ ಯಾವುದನ್ನೂ ಬಿಡುವಂತಿರಲಿಲ್ಲ. ಶಟರ್ ಎಳೆದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು: 'ಗೋಣಿಬೀಡಿನಲ್ಲಿ ಮದುವೆ. ಅರ್ಜೆಂಟ್ ಇದ್ದವರು ಅಲ್ಲಿಗೇ ಬನ್ನಿ.' ಒಮ್ಮೆ ಒಬ್ಬ ನಿಜಕ್ಕೂ ಹೋದ! ಚಿಕ್ಕಪ್ಪ ಅವನನ್ನು ಪಂಕ್ತಿಯಲ್ಲಿ ಕೂರಿಸಿ, ಒತ್ತಾಯ ಮಾಡಿ ಹೋಳಿಗೆ ಬಡಿಸಿದರು. ಹೊಟ್ಟೆ ತುಂಬಿದ ಆ ಪುಣ್ಯಾತ್ಮ ವಾಪಸ್ ಬರುವಾಗ ದಾರಿಯಲ್ಲಿ ಬೇರೆ ಅಂಗಡಿ ತೆರೆದಿದ್ದು ಕಂಡು ಪಂಪು ಅಲ್ಲೇ ಕೊಂಡ.

ಇನ್ನೊಬ್ಬರು ದೊಡ್ಡ ತೋಟದ ಸಾಹುಕಾರರು. ಬೆಳಗಿನಿಂದ ಅಂಗಡಿಯಲ್ಲಿ ಕೂತು ಯಾವ ಮೆಷಿನ್ ಒಳ್ಳೆಯದೆಂದು ಕೇಳಿ ತಿಳಿದುಕೊಂಡರು. ಮರುದಿನ ಅದೇ ಮೆಷಿನ್ನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಕೊಂಡದ್ದು ಚಿಕ್ಕಮಗಳೂರಿನಲ್ಲಿ!

"ನಿಮ್ಮತ್ರ ಚೌಕಾಶಿ ಮಾಡೋಕಾಗುತ್ತಾ? ನೀವು ಮನೆಯವರಿದ್ದ ಹಾಗೆ. ಅದಕ್ಕೇ ಅಲ್ಲಿ ತಗೊಂಡೆ. ಸ್ವಲ್ಪ ಸ್ಟಾರ್ಟ್ ಮಾಡಿ ತೋರಿಸ್ಕೊಡಿ" ಎಂದರು.

ಚಿಕ್ಕಪ್ಪ ತೋರಿಸಿಕೊಟ್ಟರು. ಕಾಫಿಯನ್ನೂ ತರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪರಿಚಯದವರ ಹತ್ತಿರ ಬೆಲೆ ಇಳಿಸಿ ಎಂದು ಕೇಳಬಾರದಂತೆ, ಎಂಥ ಸಂಸ್ಕಾರವಂತರು ನಮ್ಮ ಜನ!

"ಚಿಕ್ಕಪ್ಪ, ನಾಳೆಯಿಂದ ಎಲ್ಲರ ಜೊತೆ ಜಗಳ ಆಡಿ. ಆಗಲಾದ್ರೂ ಗಿರಾಕಿಗಳು ಬರ್ತಾರೆ" ಎಂದೆ. ಅವರು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಮನೆ ನಡೆಯಬೇಕಾಗಿದ್ದುದು ಆ ಅಂಗಡಿಯಿಂದಲೇ.

ಕೊನೆಗೆ ಅಂಗಡಿ ಮುಚ್ಚುವ ದಿನ ಬಂತು. ಆ ಜನ ನೋಡಬೇಕಿತ್ತು! ಇಷ್ಟು ವರ್ಷ ಒಂದು ವಾಷರ್ ಕೂಡ ಕೊಳ್ಳದವರೆಲ್ಲ ಸಾಲಾಗಿ ಬಂದು ನಿಂತಿದ್ದರು. "ಛೆ, ಎಂಥಾ ಅಂಗಡಿ! ಇನ್ನು ನಾವು ಯಾರನ್ನ ಕೇಳೋದು?" ಎಂದು ಕಣ್ಣೊರೆಸಿಕೊಂಡವರೂ ಇದ್ದರು.

"ಇವರಲ್ಲಿ ಅರ್ಧ ಜನ ಗಿರಾಕಿಗಳಾಗಿದ್ದಿದ್ರೆ ಇವತ್ತು ಬಾಗಿಲು ಹಾಕಬೇಕಿತ್ತಾ?" ಹಲ್ಲು ಕಡಿಯುತ್ತಲೇ ಚಿಕ್ಕಪ್ಪನನ್ನು ಕೇಳಿದೆ.

ಕುದುರೆಮುಖದ ಕಬ್ಬಿಣದ ಗಣಿ ನಿಲ್ಲುವವರೆಗೆ ಚಿಕ್ಕಪ್ಪ ಅಲ್ಲಿ ಮೆಕ್ಯಾನಿಕ್ ಆಗಿದ್ದವರು. ಆ ದಿನಗಳ ಬಗ್ಗೆ ಎಂದೂ ಬಾಯಿ ಬಿಟ್ಟವರಲ್ಲ. ಅವತ್ತು ಮೆಲ್ಲಗೆ ಹೇಳಿದರು: "ಅಲ್ಲಿಂದ ಹೊರಡೋವಾಗ ನಮ್ಮ ಸಾಲಿನ ಮನೆಗಳೆಲ್ಲ ಖಾಲಿ ಮಾರಾಯ. ಹೋಗಿಬರ್ತೀವಿ ಅನ್ನೋಕೂ ಒಬ್ರಿರ್ಲಿಲ್ಲ. ನಿನ್ನ ಚಿಕ್ಕಮ್ಮ ಪಕ್ಕದ ಮನೆಯ ಬೀಗಕ್ಕೇ ಹೇಳಿ ಬಂದ್ಲು."

ಅಷ್ಟು ಹೇಳಿ ತಿರುಗಿ, ಒಬ್ಬೊಬ್ಬರ ಕೈಯನ್ನೂ ಎರಡೂ ಕೈಯಲ್ಲಿ ಹಿಡಿದು ಮಾತಾಡಿಸತೊಡಗಿದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ನಾನೂ ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡೆ.