ಕೇಳಿದ್ದು ಕೊಡದ ಹೋಟೆಲು

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ನನ್ನ ಸೋದರಮಾವ ಇಪ್ಪತ್ತು ವರ್ಷ ಹೋಟೆಲು ನಡೆಸಿದ. ಅಷ್ಟು ವರ್ಷಗಳಲ್ಲಿ ಒಬ್ಬ ಗಿರಾಕಿಗಾದರೂ ಕೇಳಿದ ತಿಂಡಿ ಕೊಟ್ಟ ಎಂಬ ಕಳಂಕ ಅವನ ಮೇಲಿಲ್ಲ. ಮತ್ತೆ ಹೋಟೆಲು ಹೇಗೆ ನಡೆಯಿತು ಅಂತೀರಾ? ಅತ್ತೆಯೂ ಅದನ್ನೇ ಕೇಳುತ್ತಿದ್ದಳು.

ಅರವತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿನ ಪ್ರೈಮರಿ ಶಾಲೆಗೆ ಮೇಷ್ಟರಾಗಿ ಹೋದೆ. ಊಟ ತಿಂಡಿ ಎಲ್ಲ ಮಾವನ ಹೋಟೆಲಿನಲ್ಲೇ. ನಾಲ್ಕು ಬೆಂಚು, ಹೊಗೆ ಹಿಡಿದ ಗೋಡೆ, ಒಂದು ಮಣ್ಣಿನ ಒಲೆ. ತಿಂಡಿಯ ಬೋರ್ಡು ಇರಲಿಲ್ಲ. ಇದ್ದರೂ ಯಾರಿಗೆ ಉಪಯೋಗ? ಒಳಗೆ ಬಂದವರ ಮುಖವನ್ನು ಮಾವ ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡುತ್ತಿದ್ದ. ಅವರು ಏನು ತಿನ್ನಬೇಕೆಂದು ಆಮೇಲೆ ಅವನೇ ತೀರ್ಮಾನಿಸುತ್ತಿದ್ದ.

ಒಮ್ಮೆ ನಿಟ್ಟೂರಿನ ಕಡೆಯವರೊಬ್ಬರು ಬಸ್ಸಿಳಿದು ಬಂದು ಮಸಾಲೆ ದೋಸೆ ಹೇಳಿದರು. ಎರಡು ಸಲ ಸೀನಿದರು ಕೂಡ. ಐದು ನಿಮಿಷಕ್ಕೆ ಅವರ ಮುಂದೆ ಬಿಸಿ ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ ಬಂದು ಕೂತವು.

"ನಾನು ಕೇಳಿದ್ದು ದೋಸೆ ಮಾರಾಯ್ರೆ."

"ಕೇಳಿಸ್ತು. ನನ್ನ ಕಿವಿ ಸರಿ ಇದೆ, ನಿಮ್ಮ ಮೂಗು ಸರಿ ಇಲ್ಲ. ಮೊದಲು ಗಂಜಿ ಕುಡೀರಿ."

ಅವರು ಗೊಣಗುತ್ತಲೇ ಕುಡಿದರು. ಗೊಣಗುತ್ತಲೇ ಇನ್ನೊಂದು ಬಟ್ಟಲು ಕೇಳಿದರು. ಅದನ್ನೂ ಮಾವ ಕೊಡಲಿಲ್ಲ. "ಸಾಕು, ಬಸ್ಸಲ್ಲಿ ಕೂರೋರು ನೀವು" ಅಂದ.

ಇನ್ನೊಂದು ಸಲ ಶಿವಮೊಗ್ಗದಿಂದ ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಅವರಿಗಿಂತ ಮುಂಚೆ ಅವರ ಹೊಟ್ಟೆ ಒಳಗೆ ಬಂತು. ಕೇಸರಿಬಾತು, ಬೋಂಡಾ, ಮೇಲೊಂದು ಸ್ಟ್ರಾಂಗ್ ಕಾಫಿ ಅಂತ ಅಪ್ಪಣೆಯಾಯಿತು. ಮಾವ ಒಂದೆಲಗದ ತಂಬುಳಿ, ಮೆತ್ತಗಿನ ಅನ್ನ ತಂದಿಟ್ಟ. ಸಾಹೇಬರ ಮುಖ ಕೆಂಪಾಯಿತು.

"ನಾನು ಯಾರು ಅಂತ ಗೊತ್ತೇನ್ರೀ?"

"ಗೊತ್ತು. ಮೂರು ದಿನದಿಂದ ಹೊಟ್ಟೆ ಸರಿ ಇಲ್ಲದವರು."

ಸಾಹೇಬರು ಕೈ ತೊಳೆದು ಕೂತರು. ಅಂದಿನಿಂದ ನಮ್ಮ ತಾಲೂಕಿನ ಮೇಲೆ ಅವರಿಗೆ ವಿಶೇಷ ಕಾಳಜಿ ಹುಟ್ಟಿತು. ತಿಂಗಳಿಗೊಮ್ಮೆ ಇನ್‌ಸ್ಪೆಕ್ಷನ್ನಿಗೆ ಬಂದರು, ತಂಬುಳಿ ಉಂಡರು, ಹೋದರು. ಅಭಿವೃದ್ಧಿ ಅಂದರೆ ಇದೇ ಇರಬೇಕು.

ಬೇರೆಯವರ ಹೋಟೆಲು ನೋಡಿಯಾದರೂ ಮಾವ ಕಲಿಯಲಿ ಅಂತ ಒಂದು ಭಾನುವಾರ ಅವನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿನ ಸಪ್ಲೈಯರ್ ಹೆಗಲ ಮೇಲಿನ ಬಟ್ಟೆಯಲ್ಲಿ ಟೇಬಲ್ ಒರೆಸುತ್ತ, ಇಡ್ಲಿಯಿಂದ ಜಹಾಂಗೀರಿನವರೆಗೆ ಒಂದೇ ಉಸಿರಿನಲ್ಲಿ ಹೇಳಿದ. ಮಾವ ಭಕ್ತಿಯಿಂದ ಪೂರ್ತಿ ಕೇಳಿ ಎದ್ದು ನಿಂತ.

"ಎಂತ ಆಯ್ತು ಮಾವ?"

"ಪಾಪ, ಇಷ್ಟೆಲ್ಲ ಮಾಡೋರಿಗೆ ಒಂದೂ ಸರಿಯಾಗಿ ಮಾಡ್ಲಿಕ್ಕೆ ಪುರಸೊತ್ತಾದ್ರೂ ಎಲ್ಲಿ?"

ವಾಪಸು ಬರುವಾಗ ಬಸ್ಸು ಹುಂಚದಲ್ಲಿ ನಿಂತಾಗ ಇಬ್ಬರೂ ಬಾಳೆಹಣ್ಣು ತಿಂದೆವು. ನನ್ನ ಪ್ರವಾಸ ಹಾಗೆ ಸಾರ್ಥಕವಾಯಿತು.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಮುಳುಗಡೆಯಾಗುವ ಊರುಗಳ ಜನರನ್ನು ಲಾರಿಗಳಲ್ಲಿ ಬೇರೆ ಬೇರೆ ಕಡೆಗೆ ಸಾಗಿಸುತ್ತಿದ್ದರು. ಒಂದು ಮಧ್ಯಾಹ್ನ ಅಂಥ ಲಾರಿಯೊಂದು ಪಂಕ್ಚರಾಗಿ ಹೋಟೆಲಿನ ಎದುರೇ ನಿಂತಿತು. ಬಾಗಿಲು, ತೊಲೆ, ಪಾತ್ರೆ, ಒಂದು ಕರು; ಇವುಗಳ ನಡುವಿಂದ ಗಂಡ, ಹೆಂಡತಿ, ಒಬ್ಬ ಅಜ್ಜಿ ಇಳಿದು ಬಂದರು. ಮಾವ ಮುಖ ನೋಡಿ ಮೂವರಿಗೂ ಕಡುಬು ಹಾಕಿದ. ಮಗ, ಸೊಸೆ ತಿಂದರು. ಅಜ್ಜಿ ಬಟ್ಟಲು ಮುಟ್ಟಲಿಲ್ಲ.

ಮಾವ ಗಂಜಿ ತಂದಿಟ್ಟ. ಅದನ್ನೂ ಮುಟ್ಟಲಿಲ್ಲ. ಹಾಲು ತಂದ. ಇಲ್ಲ. ಮಾವನ ಔಷಧಿ ನಾಟದ್ದನ್ನು ನಾನು ಮೊದಲ ಸಲ ನೋಡಿದೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ?

"ಎರಡು ದಿನ ಆಯ್ತು, ನೀರು ಬಿಟ್ಟರೆ ಏನೂ ಬೇಡ ಅಂತಾರೆ" ಅಂದ ಮಗ ತಲೆ ತಗ್ಗಿಸಿ.

ಮಾವ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತ. "ಎಂತ ಆಗ್ತದೆ ಅಮ್ಮ?"

"ಎಂತದೂ ಇಲ್ಲಪ್ಪ. ನಿಮ್ಮ ಅಡುಗೆ ಚೆನ್ನಾಗೇ ಇರ್ತದೆ" ಅಂದಳು ಅಜ್ಜಿ. "ಐವತ್ತು ವರ್ಷ ನಮ್ಮನೆ ಒಲೆ ಮುಂದೆ ಕೂತಿದ್ದೆ. ಎಲ್ರಿಗೂ ಬಡಿಸಿ ಆಮೇಲೆ ಉಣ್ತಿದ್ದೆ. ಹೀಗೆ ಸುಮ್ಮನೆ ಕೂತು ಉಣ್ಲಿಕ್ಕೆ ಬರೂದಿಲ್ಲ."

ಮಾವ ಎದ್ದ. ಅಜ್ಜಿಯ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ. ಒಲೆಯ ಮುಂದೆ ಮಣೆ ಹಾಕಿದ. ಅಕ್ಕಿ ಹಿಟ್ಟಿನ ಡಬ್ಬಿ, ಉಪ್ಪು, ಬಿಸಿನೀರು ಅವಳ ಪಕ್ಕಕ್ಕೆ ಇಟ್ಟ.

ಅಜ್ಜಿ ಒಲೆಯ ಉರಿ ನೋಡಿದಳು. ಆಮೇಲೆ ಒಂದು ಕಟ್ಟಿಗೆಯನ್ನು ಹಿಂದಕ್ಕೆಳೆದು ಉರಿ ಸಣ್ಣ ಮಾಡಿದಳು. ಹಿಟ್ಟು ಕಲಸಿದಳು. ಮೊದಲ ರೊಟ್ಟಿ ಉಬ್ಬಿ ಬಂದಾಗ ಮಾವ ತಟ್ಟೆ ಹಿಡಿದು, ಗಿರಾಕಿಯ ಹಾಗೆ, ಅವಳ ಎದುರು ನೆಲದ ಮೇಲೆ ಕೂತಿದ್ದ.

"ಇನ್ನೊಂದು ಹಾಕ್ಲಾ ಮಗಾ?"

"ಹಾಕು ಅಮ್ಮ."

ಮೂರನೆಯದನ್ನು ಅವನು ತಿನ್ನುತ್ತಿದ್ದಾಗ ಅಜ್ಜಿ ಕಾವಲಿಯ ಮೇಲಿನ ರೊಟ್ಟಿಯಿಂದ ಒಂದು ತುಂಡು ಮುರಿದು, ಊದಿ ಆರಿಸಿ, ತನ್ನ ಬಾಯಿಗೆ ಹಾಕಿಕೊಂಡಳು.