ಎರಡು ತೂತಿನ ಬೀಸುಕಲ್ಲು

ಕಳೆದ ಭಾನುವಾರ ಬೆಳಿಗ್ಗೆ ಮಸ್ಕಿಯ ನನ್ನ ಅತ್ತೆ ಮನೆಯಲ್ಲಿ ಬೀಸುಕಲ್ಲು ತಿರುಗಲಿಲ್ಲ. ಕಾರಣ ನಾನು. ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಹೀಗೆ ಮೊದಲ ಸಾಲಿನಲ್ಲೇ ಎಲ್ಲವನ್ನೂ ಹೇಳಿಬಿಡುವ ಅಭ್ಯಾಸ. ಓದುಗರಿಗೆ ಇದರಿಂದ ಅನುಕೂಲ. ಮನೆಯಲ್ಲಿ ಮಾತ್ರ ತಪ್ಪಿಸಿಕೊಳ್ಳಲು ದಾರಿ ಉಳಿಯುವುದಿಲ್ಲ.

ನಾದಿನಿಯ ಮದುವೆಯ ಅರಿಶಿನ ಬೀಸುವ ಶಾಸ್ತ್ರಕ್ಕೆಂದು ಸಿಂಧನೂರಿನಿಂದ ಹೊರಟಿದ್ದೆವು. ಪಿಯುಸಿ ಮೊದಲ ವರ್ಷದ ಸೈನ್ಸ್ ಓದುತ್ತಿರುವ ಮಗಳು ಕಾವ್ಯಾ ಬಸ್ಸಿನಲ್ಲೇ ತೀರ್ಮಾನ ಪ್ರಕಟಿಸಿದಳು. ಭೌತಶಾಸ್ತ್ರದ ಕಿರುಪರೀಕ್ಷೆಯಲ್ಲಿ, ತಿರುಗುವ ವಸ್ತುಗಳ ಪಾಠದಲ್ಲಿ, ಅವಳು ನಪಾಸಾಗಿದ್ದಳು.

"ಅಪ್ಪಾ, ಸೋಮವಾರ ಅರ್ಜಿ ಕೊಟ್ಟು ಆರ್ಟ್ಸ್ ತಗೋತೀನಿ. ಆ ಟಾರ್ಕ್ ನನ್ನ ತಲ್ಯಾಗ ಹೋಗವಲ್ದು."

"ಅಂಥಾದ್ದೇನೈತಿ ಅದರಾಗ? ನಾ ಹೇಳಿಕೊಡ್ತೀನಿ."

"ನೀ ಓದಿದ್ದೇನಪಾ?"

"ಇತಿಹಾಸ."

ಅವಳು ಕಿಟಕಿಯಾಚೆ ಭತ್ತದ ಗದ್ದೆ ನೋಡತೊಡಗಿದಳು. ಚಿಕ್ಕಂದಿನಿಂದ ಫ್ಯಾನು, ರೇಡಿಯೊ ಬಿಚ್ಚಿ ಬೈಸಿಕೊಂಡ ಹುಡುಗಿ. ಆರ್ಟ್ಸ್ ಅವಳ ಆಸೆಯಲ್ಲ, ಹೆದರಿಕೆ ಎಂಬುದು ನನಗೆ ಗೊತ್ತಿತ್ತು.

ಅತ್ತೆ ಮನೆಯಲ್ಲಿ ಮದುವೆಗೆ ಮೊದಲು ಐದು ಜನ ಮುತ್ತೈದೆಯರು ಹಾಡು ಹೇಳುತ್ತ ಅರಿಶಿನ ಬೀಸಬೇಕು. ಉಳಿದಂತೆ ಎಲ್ಲಕ್ಕೂ ಗಿರಣಿ ಇರುವುದರಿಂದ ಬೀಸುಕಲ್ಲು ಹಿತ್ತಲಲ್ಲಿ ನೀರಿನ ಕೊಡ ಹೊತ್ತು ಕೂತಿತ್ತು. ತೊಳೆದು ತಂದರೆ, ಗೂಟ ಸಿಗಿಸುವ ತೂತು ಅಂಚಿನಲ್ಲಿ ಒಡೆದಿದೆ. "ನಾ ಸರಿ ಮಾಡ್ತೀನಿ" ಎಂದೆ. ಯಾರೂ ಕೇಳಿರಲಿಲ್ಲ.

ನನ್ನ ತರ್ಕ ಸರಳ. ಗೂಟ ಅಂಚಿನಲ್ಲಿದ್ದರೆ ಕೈ ದೊಡ್ಡ ಸುತ್ತು ಹೊಡೆಯಬೇಕು. ನಡುವೆ ಕಾಳು ಹಾಕುವ ಬಾಯಿಯ ಪಕ್ಕದಲ್ಲೇ ಇದ್ದರೆ ಸಣ್ಣ ಸುತ್ತು ಸಾಕು. ಹೆಣ್ಣುಮಕ್ಕಳಿಗೆ ಶ್ರಮ ಉಳಿಸಿದೆನೆಂಬ ಹೆಮ್ಮೆಯಿಂದ, ಪಕ್ಕದ ಮನೆಯ ಡ್ರಿಲ್ಲಿಂಗ್ ಮಷಿನ್ ತಂದು ತೂತು ಕೊರೆದು ಗೂಟ ಬಡಿದೆ.

ಹಾಡು ಶುರುವಾಯಿತು. ಕಲ್ಲು ಶುರುವಾಗಲಿಲ್ಲ. ಇಬ್ಬರು ಹಿಡಿದರೂ ಕದಲಲಿಲ್ಲ. ಮೊದಲ ನುಡಿಯನ್ನೇ ಮತ್ತೆ ಮತ್ತೆ ಹಾಡಿದರು.

"ಅಳಿಯಾರ, ಇದು ಕಲ್ಲೋ, ಸರ್ಕಾರಿ ಫೈಲೋ?" ಎಂದರು ಅತ್ತೆ.

ನನ್ನ ಹೆಂಡತಿ ಸೇರಿಸಿದಳು: "ರೀ, ಪೇಪರಿನ್ಯಾಗ ತಪ್ಪಾದ್ರ ಮರುದಿನ ತಿದ್ದುಪಡಿ ಹಾಕ್ತೀರಿ. ಕಲ್ಲಿಗೆ ಹ್ಯಾಂಗ ಹಾಕ್ತೀರಿ?"

ಕಾವ್ಯಾ ಬಂದು ಗೂಟ ನೂಕಿ ನೋಡಿದಳು. ಆಗಲಿಲ್ಲ. ಅಂಗೈಯನ್ನು ಅಂಚಿಗೆ ಒತ್ತಿ ನೂಕಿದಳು. ಕಲ್ಲು ಗೊರ್ ಎಂದು ತಿರುಗಿತು. ಮತ್ತೆ ಗೂಟ, ಮತ್ತೆ ಅಂಚು. ಆಮೇಲೆ ನಗತೊಡಗಿದಳು.

"ಅಪ್ಪಾ, ನಡುವಿನಿಂದ ದೂರ ಹೋದಂಗ ಟಾರ್ಕ್ ಹೆಚ್ಚಾಗ್ತೈತಿ! ನೀ ಆ ದೂರಾನ ತಿಂದುಬಿಟ್ಟೀ. ಪಾಠದಾಗ ಇದನ್ನ ಬರದಾರ!"

"ಟಾರ್ಕ್ ಅಂದ್ರ ಯಾರಬೇ?" ಎಂದರು ಅತ್ತೆ.

"ಯಾರೂ ಅಲ್ಲಜ್ಜಿ, ತಿರುಗಿಸೋ ತಾಕತ್ತು."

"ಹಂಗಾರ ಅದು ನಿಮ್ಮಪ್ಪನ ಕಡಿ ಇಲ್ಲ ಬಿಡು."

ಒಡೆದ ಜಾಗದ ಎದುರಿಗೆ, ಅಂಚಿನ ಹತ್ತಿರ ಅವಳು ಸೀಮೆಸುಣ್ಣದಿಂದ ಗುರುತು ಹಾಕಿದಳು. ಅವಳು ಹೇಳಿದಲ್ಲಿ ನಾನು ಕೊರೆದು, ಗೂಟ ಕಿತ್ತು ಅಲ್ಲಿಗೆ ಬಡಿದೆ. ಹಾಡು ಎರಡನೇ ನುಡಿಗೆ ಹೋಯಿತು.

ಸೋಮವಾರ ಕಾವ್ಯಾ ಕಾಲೇಜಿಗೆ ಹೋದಳು; ಅರ್ಜಿ ಕೊಡಲಿಲ್ಲ. ಮರುಪರೀಕ್ಷೆ ನಾಳೆ. ಇಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿ, ಮೊಮ್ಮಗಳ ಹೆಸರಿನಲ್ಲಿ ಬೀಸುಕಲ್ಲಿನ ಮೇಲೆ ಊದಿನಕಡ್ಡಿ ಹಚ್ಚಿರುವುದಾಗಿ ತಿಳಿಸಿದರು. ಕಡ್ಡಿ ನಿಲ್ಲಿಸಿರುವುದು ನಾನು ಮೊದಲು ಕೊರೆದ ತೂತಿನಲ್ಲಿ.