ಮಣಿಮಾಲಿನಿ ಪಾತ್ರಕ್ಕೆ ಪರೀಕ್ಷಾ ಹಾಡು

ಹಾಲಾಗಲಿ, ಹಾಡಾಗಲಿ, ಪರೀಕ್ಷಿಸದೆ ಸ್ವೀಕರಿಸತಕ್ಕದ್ದಲ್ಲ ಎಂಬುದು ತೂಬುಗುಂಟೆ ಹಾಲು ಉತ್ಪಾದಕರ ಸಹಕಾರ ಸಂಘದ ನಿಯಮವಾಗಿದೆ. ಇದರಲ್ಲಿ ಹಾಲಿನ ಭಾಗ ಮೇಲಿನವರು ಮಾಡಿದ್ದು. ಹಾಡಿನ ಭಾಗವನ್ನು ೧೯೮೧ರಲ್ಲಿ ನಾವೇ, ಅಂದರೆ ಆಡಳಿತ ಮಂಡಳಿಯವರು, ಕ್ಯಾಲನೂರಿನಿಂದ ಬೋಂಡಾ ತರಿಸಿಕೊಂಡು ತಿಂದು ಸರ್ವಾನುಮತದಿಂದ ಸೇರಿಸಿದೆವು. ನಾನು ಆಗ ನಿರ್ದೇಶಕ. ನನಗೆ ಅಲ್ಲಿ ಕುರ್ಚಿ ಇತ್ತು, ಬೋಂಡಾ ಇತ್ತು, ಮಾತಾಡುವ ಅವಕಾಶ ಮಾತ್ರ ಇರಲಿಲ್ಲ. ಹಾಗಾಗಿ ನಡೆದದ್ದನ್ನೆಲ್ಲ ಗಮನವಿಟ್ಟು ನೋಡಿದ್ದೇನೆ.

ಪ್ರತಿ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ‘ಮಣಿಮಾಲಿನಿ ಪರಿಣಯ’ ಎಂಬ ಹಳೇ ಸಂಗೀತ ನಾಟಕ ಆಡುವುದು ವಾಡಿಕೆ. ಅದರಲ್ಲಿ ಮಾತು ಕಡಿಮೆ, ಹಾಡು ಜಾಸ್ತಿ. ರಾಜ ಸಾಯುವಾಗಲೂ ಹಾಡುತ್ತಾನೆ. ಜನ ‘ಒನ್ಸ್ ಮೋರ್’ ಅಂದರೆ ಎದ್ದು ಕೂತು, ಹಾಡಿ, ಮತ್ತೆ ಸಾಯುತ್ತಾನೆ. ರಾಣಿ ಮಣಿಮಾಲಿನಿಯ ಪಾತ್ರವನ್ನು ಮೊದಲಿನಿಂದಲೂ ಅಧ್ಯಕ್ಷ ಕೋದಂಡರಾಮಪ್ಪನವರೇ ವಹಿಸುತ್ತ ಬಂದಿದ್ದರು. ಅವರಿಗೆ ದಪ್ಪ ಮೀಸೆ. ತೆಗೆಯಲು ಒಪ್ಪುವುದಿಲ್ಲ. ರಾಣಿಗೆ ಮೀಸೆ ಇರಕೂಡದೆಂದು ನಾಟಕದಲ್ಲಿ ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಯಾರೂ ಆಕ್ಷೇಪಿಸಿರಲಿಲ್ಲ.

ಆ ವರ್ಷ ಒಂದು ಬೆಳಗ್ಗೆ ಹಾಲು ಹಾಕಲು ಬಂದ ಚನ್ನರಾಯಪ್ಪನ ಹೆಂಡತಿ ಮುನಿಗಂಗಮ್ಮ, ಕ್ಯಾನು ಕೆಳಗಿಟ್ಟು, ಕಿಟಕಿಯೊಳಗೆ ತಲೆ ಹಾಕಿದಳು.

“ಅಣ್ಣಾ, ಈ ಸಲ ಮಣಿಮಾಲಿನಿ ನಾನ್ ಕಟ್ತೀನಿ.”

ಅಧ್ಯಕ್ಷರು ಮೀಸೆ ಮುಟ್ಟಿಕೊಂಡರು. “ಯಾಕಮ್ಮಾ? ನಾನಿನ್ನೂ ಬದುಕಿದೀನಲ್ಲ.”

“ನೂರು ವರ್ಷ ಬದುಕಣ್ಣಾ. ಆದ್ರೆ ಪ್ರತಿ ವರ್ಷ ಪರದೆ ಹಿಂದೆ ನಿನಗೆ ಸೀರೆ ಉಡಿಸೋಳು ನಾನು. ನೆರಿಗೆ ಹಿಡ್ಕೊಂಡು ನಿನ್ನ ಹಾಡೆಲ್ಲಾ ಕಲ್ತಿದೀನಿ. ನೀನು ಎಲ್ಲೆಲ್ಲಿ ತಪ್ತೀಯೋ ಅದೂ ಗೊತ್ತು. ಒಂದೇ ಒಂದ್ಸಲ ಪರದೆ ಮುಂದೆ ನಿಂತು ಹಾಡ್ಬೇಕು ನಾನು. ಅಷ್ಟಾದ್ರೆ ಸಾಕು.”

ಇಲ್ಲ ಅಂದರೆ ಅವಳು ಹಾಲನ್ನು ಖಾಸಗಿಯವರಿಗೆ ಹಾಕಿಬಿಡುತ್ತಾಳೆ. ಹೂಂ ಅಂದರೆ ರಾಣಿ ಕೈತಪ್ಪಿ ಹೋಗುತ್ತಾಳೆ. ಇಂಥ ಇಕ್ಕಟ್ಟಿನಲ್ಲಿ ಸಹಕಾರಿ ಧುರೀಣರು ಮಾಡುವುದನ್ನೇ ಅಧ್ಯಕ್ಷರೂ ಮಾಡಿದರು: ಸಭೆ ಕರೆದರು. ಪಾತ್ರ ಬಯಸುವವರು ಮೊದಲು ತಮಗೆ ಬೇಕಾದ ಒಂದು ಹಾಡನ್ನು ಆರಿಸಿಕೊಂಡು ಮಂಡಳಿಯ ಮುಂದೆ ಒಪ್ಪಿಸತಕ್ಕದ್ದು, ಹಾಡನ್ನು ಹಾಲಿನ ನಿಯಮಗಳ ಪ್ರಕಾರವೇ ಪರೀಕ್ಷಿಸತಕ್ಕದ್ದು ಎಂದು ತೀರ್ಮಾನವಾಯಿತು. ನಮಗೆ ಬೇರೆ ನಿಯಮ ಗೊತ್ತಿರಲಿಲ್ಲ. ಪರೀಕ್ಷಕ, ಕಾರ್ಯದರ್ಶಿ ಅಶ್ವತ್ಥಪ್ಪ. ಹಾರ್ಮೋನಿಯಂಗೆ ಮುಳಬಾಗಿಲಿನಿಂದ ನಾಟಕದ ಮೇಷ್ಟ್ರು ಗೌಸ್ ಮೊಹಿದ್ದೀನ್ ಸಾಹೇಬರು ಬಂದರು.

ಮುನಿಗಂಗಮ್ಮ ಮೊದಲು ಆರಿಸಿಕೊಂಡದ್ದು ಉದ್ಯಾನವನದ ಹಾಡು. ‘ಸುರಿವ ಮಳೆಯಲಿ ನೆನೆದೆನೇ ಸಖಿ’ ಎಂದು ಅವಳು ಎತ್ತಿಕೊಂಡಾಗ ನನಗೆ ಮೈ ಜುಂ ಅಂದಿತು. ಅಶ್ವತ್ಥಪ್ಪ ಕೈಯಲ್ಲಿದ್ದ ಲ್ಯಾಕ್ಟೋಮೀಟರನ್ನು ಮೇಲೆತ್ತಿದ.

“ನಿಲ್ಸಕ್ಕಾ. ಇದರಲ್ಲಿ ನೀರಿದೆ.”

“ಅದು ಮಳೆ ಕಣೋ!”

“ಮೇಲಿಂದ ಬಿದ್ರೂ ನೀರೇ, ಬಾವಿಯಿಂದ ಸೇದಿದ್ರೂ ನೀರೇ. ಬೆರಕೆ ಅಂತ ಬರ್ಕೋಬೇಕಾಗುತ್ತೆ.”

ಎರಡನೇ ಸಲ ರಾಣಿಯ ಸಿಟ್ಟಿನ ಪದ್ಯವನ್ನು ಆರಿಸಿಕೊಂಡಳು. ನಮ್ಮ ಸೀಮೆಯ ನಾಟಕಗಳಲ್ಲಿ ರಾಣಿ ಕನ್ನಡದಲ್ಲಿ ಪ್ರೀತಿಸುತ್ತಾಳೆ, ಕೋಪ ಬಂದರೆ ತೆಲುಗಿಗೆ ಹೋಗುತ್ತಾಳೆ. ಗಡಿಯಾಚೆಯ ಹಾಲನ್ನು ಸಂಘ ಕೊಳ್ಳುವಂತಿಲ್ಲವಾದ್ದರಿಂದ ಗಡಿಯಾಚೆಯ ಪದ್ಯವನ್ನೂ ಸ್ವೀಕರಿಸಬಹುದೇ ಎಂಬ ಗಂಭೀರ ಚರ್ಚೆ ನಡೆಯಿತು. ಮಂಡಳಿಯ ಎಲ್ಲರ ಮನೆಮಾತೂ ತೆಲುಗೇ ಆಗಿದ್ದರಿಂದ ಚರ್ಚೆ ತೆಲುಗಿನಲ್ಲೇ ನಡೆದು, ಕೊನೆಗೆ ಅಧ್ಯಕ್ಷರು “ಲೇದಮ್ಮಾ, ಕುದರದು” ಎಂದು ತೆಲುಗು ಪದ್ಯವನ್ನು ತಿರಸ್ಕರಿಸಿದರು.

ಮೂರನೆಯದು ವನವಾಸದ ಶೋಕಗೀತೆ. ಅದನ್ನು ಹಾಡುತ್ತ ಅವಳು ಅತ್ತಳು, ಮೇಷ್ಟ್ರು ಅತ್ತರು, ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಸೆರಗಿಗೆ ಮೂಗು ಒರೆಸಿಕೊಂಡರು. ಅಶ್ವತ್ಥಪ್ಪನೂ ಕಣ್ಣೊರೆಸಿಕೊಂಡೇ ಹೇಳಿದ:

“ಕಣ್ಣೀರಲ್ಲಿ ಉಪ್ಪಿರುತ್ತೆ ಅಕ್ಕಾ. ಹಾಲಿಗೆ ಉಪ್ಪು ಬೆರೆಸೋದು ಅಪರಾಧ.”

ಮೇಷ್ಟ್ರು ಹಾರ್ಮೋನಿಯಂ ಮುಚ್ಚಿಬಿಟ್ಟರು. “ಅರೆ ಅಲ್ಲಾ! ಹಾಡು ಚೆನ್ನಾಗಿದೆಯಾ ಇಲ್ವಾ ಕೇಳಿದೋರು ಹೇಳಬೇಕು ಸಾಹೇಬ್ರೇ. ಈ ಗಾಜಿನ ಕಡ್ಡಿ ಏನ್ ಹೇಳುತ್ತೆ?”

ಮಾತು ಸರಿಯಾಗಿತ್ತು. ಆದರೆ ನಿಷ್ಪಕ್ಷಪಾತವಾಗಿ ಕೇಳುವವರು ಯಾರು? ತೂಬುಗುಂಟೆಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ನೆಂಟರಲ್ಲದವರು ವೈರಿಗಳು. ಬಹಳ ಯೋಚಿಸಿ ಅಧ್ಯಕ್ಷರು, ಈ ಎರಡೂ ಗುಂಪಿಗೆ ಸೇರದ ತಮ್ಮ ಮನೆಯ ಸೀಮೆಹಸುವಿನ ಹೆಸರನ್ನು ಸೂಚಿಸಿದರು. ಯಾರ ಹಾಡಿಗೆ ಹಸು ಸಲೀಸಾಗಿ ಹಾಲು ಇಳಿಸುತ್ತದೋ ಅವರಿಗೇ ಪಾತ್ರ. ಮಂಡಳಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಎಲ್ಲರೂ ತಟ್ಟುವಾಗ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ.

ಮುನಿಗಂಗಮ್ಮ ಮನೆಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಳು. ಕತ್ತಿ ಸೊಪ್ಪಿನ ಮೇಲೆ ಬೀಳುತ್ತಿದ್ದ ರಭಸ ನೋಡಿ ಚನ್ನರಾಯಪ್ಪ ಸ್ವಲ್ಪ ದೂರದಲ್ಲೇ ನಿಂತ.

“ಯಾವುದೋ ಒಂದು ಹಾಡ್ಬಿಟ್ಟು ಬಾರೇ. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂತೀಯ?”

“ಯಾವುದೋ ಒಂದು ಹಾಡೋಕೆ ನಾನೇನ್ ರೇಡಿಯೋನಾ? ಹಸೂಗೆ ಯಾವ ರಾಗ ಹಿಡಿಸುತ್ತೆ ಅಂತ ಹೇಳು, ಅದನ್ನೇ ಹಾಡ್ತೀನಿ.”

“ನಮ್ಮ ಬಂಗಾರಿ ತಾನೇ? ಅದಕ್ಕೆ ರಾಗ ಗೀಗ ಯಾಕೆ? ಬೂಸ ತೋರ್ಸಿದ್ರೆ ಸಾಕು.”

ಕತ್ತಿ ನಿಂತಿತು. ಆ ಹಸು ಹುಟ್ಟಿದ್ದೇ ಇವರ ಕೊಟ್ಟಿಗೆಯಲ್ಲಿ. ದೊಡ್ಡ ಮಗಳ ಮದುವೆಗೆಂದು ಕಡಸಾಗಿದ್ದಾಗ ಅಧ್ಯಕ್ಷರಿಗೆ ಮಾರಿದ್ದರು. ಅದನ್ನು ಹೊಡೆದುಕೊಂಡು ಹೋದ ದಿನ ಮುನಿಗಂಗಮ್ಮ ಊಟ ಮಾಡಿರಲಿಲ್ಲ.

ಪರೀಕ್ಷೆಯ ದಿನ ಮೊದಲು ಅಧ್ಯಕ್ಷರು ಹಾಡಿದರು. ಅವರ ದನಿಯನ್ನು ದಿನಾ ಸಹಿಸಿಕೊಂಡಿದ್ದ ಹಸು ದಿನದಷ್ಟೇ ಹಾಲು ಕೊಟ್ಟಿತು. ‘ತೃಪ್ತಿಕರ’ ಎಂದು ದಾಖಲಾಯಿತು. ಸಂಜೆ ಮುನಿಗಂಗಮ್ಮನ ಸರದಿ. ಅವಳು ರಾಣಿಯ ಹಾಡು ಯಾವುದನ್ನೂ ಎತ್ತಲಿಲ್ಲ. ಹಸುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕರುವಾಗಿದ್ದಾಗ ಅದಕ್ಕೆ ಹೇಳುತ್ತಿದ್ದುದನ್ನೇ ಹೇಳಿದಳು:

“ಬಾರೇ ನನ್ನ ಬಂಗಾರಿ, ಬೂಸ ಕಲಸಿವ್ನಿ ಬಾರೇ, ಅತ್ತೆ ಕಂಡರೆ ಬೈತಾಳೆ, ಬೇಗ ತಿಂದು ಹೋಗೇ.”

ಹಸು ಕಿವಿ ನೆಟ್ಟಗೆ ಮಾಡಿತು. ಆಮೇಲೆ ಅದು ಕೊಟ್ಟ ಹಾಲನ್ನು ನಾನು ಹೇಗೆ ವರ್ಣಿಸಲಿ! ಬಕೆಟ್ಟು ತುಂಬಿತು, ಅಧ್ಯಕ್ಷರ ಮನೆಯ ಕೊಡಪಾನ ತುಂಬಿತು, ಯಾರೋ ಓಡಿ ಹೋಗಿ ಬೋಸಿ ತಂದರು, ಅದೂ ತುಂಬಿತು. ಮುನಿಗಂಗಮ್ಮ ಹಸುವಿನ ಕೊರಳು ತಬ್ಬಿಕೊಂಡು ನಗುತ್ತ ಅಳುತ್ತ ಹಾಡುತ್ತಲೇ ಇದ್ದಳು. ಮೇಷ್ಟ್ರು “ವಾಹ್ ಬೇಟಿ, ವಾಹ್!” ಎಂದು ಕುಣಿದೇಬಿಟ್ಟರು.

ಅಶ್ವತ್ಥಪ್ಪ ಮಾತ್ರ ಹುಬ್ಬು ಗಂಟಿಕ್ಕಿದ. “ಒಂದು ಹಸು ಇಷ್ಟು ಹಾಲು ಕೊಡಲ್ಲ. ಹಾಡಿಗೆ ನೀರು ಹಾಕಿದಾರೆ.”

ಹಾಡಿನ ಮಾದರಿಯನ್ನು, ಅಂದರೆ ಒಂದು ಸೀಸೆ ಹಾಲನ್ನು, ಮೇಲಿನ ಪರೀಕ್ಷೆಗೆ ಕೋಲಾರಕ್ಕೆ ಕಳಿಸಲಾಯಿತು. ಅಲ್ಲಿಂದ ಬಂದ ಉತ್ತರ ಹೀಗಿತ್ತು: ‘ನೀರಿನ ಬೆರಕೆ ಇಲ್ಲ. ಜಿಡ್ಡಿನ ಅಂಶ ಉತ್ತಮ. ಉತ್ಪಾದಕರು ಅಭಿನಂದನೆಗೆ ಅರ್ಹರು.’

ಉತ್ಪಾದಕರು ಯಾರು ಎಂಬ ಪ್ರಶ್ನೆ ಎದ್ದಿತು. ಹಾಲನ್ನು ಉತ್ಪಾದಿಸಿದ್ದು ಹಸು. ಪರೀಕ್ಷೆಯಲ್ಲಿ ಗೆದ್ದದ್ದೂ ಅದೇ. ಆದ್ದರಿಂದ ಮಣಿಮಾಲಿನಿಯ ಪಾತ್ರಕ್ಕೆ ಹಸುವನ್ನು ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು. ಹೇಗೂ ತಮ್ಮ ಮನೆಯದೇ ಹಸುವಾದ್ದರಿಂದ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ಮೀಸೆ ತಿರುವಿದರು.

ನಾಟಕ ಭರ್ಜರಿಯಾಗಿ ನಡೆಯಿತು. ಹಸುವಿಗೆ ಜರಿ ಸೀರೆ, ಕೊಂಬಿಗೆ ಕಿರೀಟ. ಸೀರೆ ಉಡಿಸಿದ್ದು ಮುನಿಗಂಗಮ್ಮನೇ. ಪರದೆಯ ಹಿಂದೆ ಬಗ್ಗಿ ಕೂತು ಎಲ್ಲ ಹಾಡನ್ನೂ ಹಾಡಿದ್ದೂ ಅವಳೇ. ರಾಜ ರತ್ನಕೇತುವಾಗಿದ್ದ ಅಶ್ವತ್ಥಪ್ಪ ಹಾರ ಹಾಕಲು ಬಗ್ಗಿದಾಗ ರಾಣಿ ಹಾರವನ್ನು ತಿಂದಳು. ಜನ ‘ಒನ್ಸ್ ಮೋರ್’ ಅಂದರು, ಇನ್ನೊಂದು ಹಾರ ತರಿಸಿ ತಿನ್ನಿಸಲಾಯಿತು. ಉತ್ತಮ ನಟಿ ಶೀಲ್ಡನ್ನು ಹಸುವಿನ ಪರವಾಗಿ ಅಧ್ಯಕ್ಷರು ಕಣ್ತುಂಬಿಕೊಂಡು ಸ್ವೀಕರಿಸಿದರು.

“ಹೊಟ್ಟೆ ಉರಿದೋಯ್ತಣ್ಣಾ,” ಎಂದಳು ಮುನಿಗಂಗಮ್ಮ ಮರುದಿನ ನನ್ನ ಹತ್ತಿರ. “ಗಂಟಲು ನಂದು, ಶೀಲ್ಡು ಅದಕ್ಕೆ! ಬಂಗಾರಿ ಮೇಲೆ ನನಗೇನೂ ಬೇಜಾರಿಲ್ಲ. ಆದ್ರೆ ನಾನಿನ್ನೂ ಪರದೆ ಹಿಂದೇನೇ ಅಲ್ವಾ?”

ನಾನು ನಿರ್ದೇಶಕನಾದ್ದರಿಂದ ಏನೂ ಹೇಳಲಿಲ್ಲ.

ಮುಂದಿನ ವರ್ಷ ಪ್ರಕಟಣೆ ಹೊರಟಿತು: ‘ಮಣಿಮಾಲಿನಿ ಪಾತ್ರಕ್ಕೆ ಸೀಮೆಹಸುಗಳಿಂದ ಮಾತ್ರ ಅರ್ಜಿ ಸ್ವೀಕರಿಸಲಾಗುವುದು.’ ಬಂಗಾರಿ ಆಗ ತುಂಬು ಗಬ್ಬ, ಅರ್ಜಿ ಹಾಕುವ ಸ್ಥಿತಿಯಲ್ಲಿರಲಿಲ್ಲ. ಮುನಿಗಂಗಮ್ಮ ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಕಿಟಕಿಯ ಮುಂದೆ ನಿಂತಳು. ಅಶ್ವತ್ಥಪ್ಪ ತಲೆ ಎತ್ತದೆ ಬರೆದುಕೊಳ್ಳತೊಡಗಿದ.

“ತಳಿ?”

“ಸೀಮೆ.”

“ಎಷ್ಟು ಸೂಲು?”

“ಎರಡಾಯ್ತು.”

“ಹಾಯುತ್ತಾ?”

“ಅಡ್ಡ ಬಂದ್ರೆ.”

“ಕಿವಿಗೆ ವಿಮೆ ಬಿಲ್ಲೆ ಹಾಕ್ಸಿದೆಯಾ?”

ಮುನಿಗಂಗಮ್ಮ ಸೆರಗು ಸರಿಸಿ ತನ್ನ ಬಿಳಿಕಲ್ಲಿನ ಓಲೆ ತೋರಿಸಿದಳು. ಅಶ್ವತ್ಥಪ್ಪ ಈಗ ತಲೆ ಎತ್ತಿದ. ಓಲೆ ನೋಡಿದ, ಅವಳ ಮುಖ ನೋಡಿದ, ನನ್ನನ್ನು ನೋಡಿದ. ಆಮೇಲೆ ‘ಇದೆ’ ಎಂದು ಬರೆದುಕೊಂಡ. ನಿಯಮದ ಪ್ರಕಾರ ಯಾವ ಕೊರತೆಯೂ ಇರಲಿಲ್ಲವಾದ್ದರಿಂದ ಮಂಡಳಿ ಅವಳನ್ನು ಸರ್ವಾನುಮತದಿಂದ ಆಯ್ಕೆ ಮಾಡಿತು.

ಆ ವರ್ಷ ಪರದೆ ಎದ್ದಾಗ ಅವಳು ರಂಗದ ನಟ್ಟನಡುವೆ ನಿಂತಿದ್ದಳು. ಮಳೆಯ ಹಾಡು ಹಾಡಿದಳು, ತೆಲುಗು ಪದ್ಯ ಹಾಡಿದಳು, ಶೋಕಗೀತೆ ಹಾಡಿದಳು. ಜನ ಎದ್ದು ನಿಂತು ‘ಒನ್ಸ್ ಮೋರ್’ ಎಂದು ಅರಚಿ ಅರಚಿ ಗಂಟಲು ಕಟ್ಟಿಸಿಕೊಂಡರು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ನಾನೂ ಒಂದು ಸಲ ‘ಒನ್ಸ್ ಮೋರ್’ ಅಂದೆ.

ಪಕ್ಕದಲ್ಲಿ ಕೂತಿದ್ದ ಮಂಡಳಿಯ ಇನ್ನೊಬ್ಬ ನಿರ್ದೇಶಕ ದೊಡ್ಡಮುನಿಯಪ್ಪನವರು ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: “ಹೋದ ವರ್ಷದ್ದಕ್ಕಿಂತ ಈ ಹಸು ಚೆನ್ನಾಗಿ ಹಾಡ್ತದೆ, ಅಲ್ವೇನಪ್ಪಾ?”

“ಹೌದು,” ಎಂದೆ ನಾನು. “ಹಾರಾನೂ ತಿನ್ನಲಿಲ್ಲ.”